ಶನಿವಾರದ ಮಕ್ಕಳ ಸಂತೆ, ಪೇರೆಂಟ್ಸ್ ಎಲ್ರೂ ಓದಿ

ಎಲ್ರಿಗೂ ನಮಸ್ಕಾರ. ಶನಿವಾರ ಬೆಳಗ್ಗೆ 10ಕ್ಕೆ ಸ್ಕೂಲ್ ಗ್ರೌಂಡಲ್ಲಿ ಮಕ್ಕಳ ಸಂತೆ ಇದೆ. ಒಂದೇ ರಿಕ್ವೆಸ್ಟು, ರೇಟ್ ಕೇಳಿ ತಗೊಳ್ಳಿ, ಚಿಲ್ರೆ ಎಣಿಸಿ ಇಸ್ಕೊಳ್ಳಿ. ಹೋದ್ವರ್ಷ ನಾವೆಲ್ಲ 10 ರೂಪಾಯಿ ಸೊಪ್ಪಿಗೆ 50 ಕೊಟ್ಟು ಇಟ್ಕೋ ಪುಟ್ಟ ಅಂದ್ಬಿಟ್ವಿ, ಪಾಪ ಮಕ್ಕಳಿಗೆ ಲೆಕ್ಕಾನೂ ಸಿಗ್ಲಿಲ್ಲ, ದುಡಿದಿದ್ದು ಅನ್ನೋ ಖುಷೀನೂ ಸಿಗ್ಲಿಲ್ಲ. ನನ್ ಮಗಳದು ಮೆಂತ್ಯ ಸೊಪ್ಪು, 12 ಗಂಟೆಗೆ 6 ಕಟ್ಟು ಬಾಡ್ತಾ ಉಳಿದಿತ್ತು, ನಾನೇ ತಗೊಂಡ್ಬಿಡೋಣ ಅಂತ ಪರ್ಸಿಗೆ ಕೈ ಹಾಕಿದ್ದೆ ಅಷ್ಟರಲ್ಲಿ ಅವಳೇ ನೀರು ಚಿಮುಕಿಸಿ ಎರಡು ಕಟ್ಟು ಹದಿನೈದು ಹದಿನೈದು ಅಂತ ಕೂಗಿ ಮಾರಿದ್ಲು, ಮಾರನೇ ದಿನ ಬಾಗ್ಲಿಗೆ ಸೊಪ್ಪಿನಜ್ಜಿ ಬಂದಾಗ ಅಮ್ಮ ಚೌಕಾಸಿ ಮಾಡ್ಬೇಡ ಅಂದ್ಲು.

ತಂದ ಮಾಲಿನ ಖರ್ಚು ಮಗುನೇ ಬರೀಲಿ. ಅಸಲು ನಿಮಗೆ ವಾಪಸ್ ಕೊಡ್ಬೇಕು, ಮಿಕ್ಕಿದ್ದು ಅವರ್ದು. 10 ವರ್ಷ ತುಂಬಿದ್ರೆ ಪೋಸ್ಟಾಫೀಸಲ್ಲಿ 500 ರೂಪಾಯಿಗೆ ಅವರ ಹೆಸರಲ್ಲೇ ಸೇವಿಂಗ್ಸ್ ಅಕೌಂಟ್ ಮಾಡಿಸ್ಬೋದು, ಅವರೇ ಸೈನ್ ಹಾಕಿ ನಡೆಸ್ಬೋದು, ಖಂಡಿತ ಮಾಡ್ಸಿ.

ಫೋನ್‌ಪೇ ಬೇಡ, 10 20ರ ನೋಟು ತನ್ನಿ. ಕೊನೇಲಿ ಗ್ರೌಂಡ್ ಗುಡಿಸೋದೂ ಮಕ್ಕಳೇ, ದಯವಿಟ್ಟು ಪೊರಕೆ ಅವರ ಕೈಯಿಂದ ಕಿತ್ಕೋಬೇಡಿ 🙏