ಅಮೆರಿಕಕ್ಕೆ ಹೋಗುವ ಹಿರಿಯರೇ, ಮಿಸಿಸಿಪ್ಪಿಯ ಲಾಕ್ ನೋಡಿ ಬನ್ನಿ

ಸಂಪಾದಕರಿಗೆ,

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ನಮ್ಮಂಥವರು ಸುತ್ತುವ ಜಾಗಗಳು ಹೆಚ್ಚುಕಡಿಮೆ ಒಂದೇ. ನಯಾಗರ, ನ್ಯೂಯಾರ್ಕ್, ಒಂದೆರಡು ದೇವಸ್ಥಾನ, ಆಮೇಲೆ ಮಾಲ್. ಪತ್ರಿಕೆಗಳ ಪ್ರವಾಸ ಬರಹಗಳಲ್ಲೂ ಅವೇ ಜಾಸ್ತಿ. ಆ ಪಟ್ಟಿಗೆ ಇನ್ನೊಂದು ಜಾಗ ಸೇರಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ. ಅದು ಮಿಸಿಸಿಪ್ಪಿ ನದಿಯ ಮೆಲ್ವಿನ್ ಪ್ರೈಸ್ ಲಾಕ್ಸ್ ಅಂಡ್ ಡ್ಯಾಮ್. ಸೇಂಟ್ ಲೂಯಿಸ್‌ನಿಂದ ಸ್ವಲ್ಪ ಮೇಲೆ, ಇಲಿನಾಯ್ ರಾಜ್ಯದ ಆಲ್ಟನ್ ಊರಿನ ಪಕ್ಕದಲ್ಲಿದೆ. ಲಾಕ್ ಅಂದರೆ ಬೀಗವಲ್ಲ, ನೀರಿನ ಮಟ್ಟ ಏರಿಸಿ ಇಳಿಸಿ ದೋಣಿಗಳನ್ನು ಅಣೆಕಟ್ಟು ದಾಟಿಸುವ, ಎರಡೂ ತುದಿಗೆ ಗೇಟಿರುವ ನೀರಿನ ಕೋಣೆ. ಮಗಳ ಮನೆಗೆ ಹೋಗಿದ್ದಾಗ ನಾನೂ ನಮ್ಮೆಜಮಾನರೂ ನೋಡಿ ಬಂದೆವು.

ಡ್ಯಾಮ್ ಅಂದರೆ ಹಿಂದೆ ದೊಡ್ಡ ಜಲಾಶಯ, ಅದರ ನೀರು ಗದ್ದೆಗೆ, ಕರೆಂಟಿಗೆ ಅಂತ ತಾನೇ ನಾವು ಅಂದುಕೊಳ್ಳುವುದು? ಇದು ಹಾಗಲ್ಲ. ಪ್ರವಾಹ ತಡೆಯಲು ಕಟ್ಟಿದ್ದೂ ಅಲ್ಲ. ಸರಕು ಸಾಗಿಸುವ ಬಾರ್ಜ್‌ಗಳು (ಎಂಜಿನ್ ಇಲ್ಲದ, ಚಪ್ಪಟೆ ತಳದ ದೋಣಿಗಳು) ಓಡಾಡಲು ನದಿಯಲ್ಲಿ 9 ಅಡಿ ಆಳ ಬೇಕು. ಅದಕ್ಕಾಗಿ ಇದನ್ನು ಕಟ್ಟಿದ್ದಾರೆ. ಪ್ರವಾಹ ಬಂದರೆ ಗೇಟುಗಳನ್ನೆಲ್ಲ ಮೇಲೆತ್ತಿ ನದಿಯನ್ನು ಅದರ ಪಾಡಿಗೆ ಬಿಡುತ್ತಾರೆ. ಮಿನಿಯಾಪೊಲಿಸ್‌ನಿಂದ ಸೇಂಟ್ ಲೂಯಿಸ್‌ವರೆಗೆ ಇಂಥವು ಸಾಲಾಗಿವೆ. ನದಿಗೇ ಮೆಟ್ಟಿಲು ಕಟ್ಟಿದ ಹಾಗೆ.

ನಾವು ಮೇಲೆ ನಿಂತಿದ್ದಾಗ ಒಂದು ಟೋಬೋಟ್ ಬಂತು. ಮುಂದೆ 15 ಬಾರ್ಜ್, ಮೂರು ಸಾಲು, ಸಾಲಿಗೆ ಐದು. ಎಲ್ಲವನ್ನೂ ತಂತಿ ಹಗ್ಗದಿಂದ ಬಿಗಿದಿದ್ದರು. ಹಿಂದಿನಿಂದ ತಳ್ಳುವುದು ಆ ಒಂದೇ ದೋಣಿ. ಒಂದು ಬಾರ್ಜ್ 35 ಅಡಿ ಅಗಲ, ಮೂರು ಸೇರಿ 105. ಲಾಕ್‌ನ ಅಗಲ 110 ಅಡಿ. ಅಂದರೆ ಆ ಕಡೆ ಎರಡೂವರೆ ಅಡಿ, ಈ ಕಡೆ ಎರಡೂವರೆ ಅಡಿ! ಚುಕ್ಕಾಣಿ ಹಿಡಿದವನು ಸಾವಿರ ಅಡಿ ಹಿಂದೆ ಕೂತಿದ್ದಾನೆ. ಮೂತಿಯಲ್ಲಿ ನಿಂತ ಹುಡುಗ ವಾಕಿಟಾಕಿಯಲ್ಲಿ ದೂರ ಹೇಳುತ್ತಾ ಇದ್ದ. ಗೋಡೆಗೆ ತಾಗದ ಹಾಗೆ ಒಳಗೆ ತಂದರು.

ಮೇಲಿನ ಗೇಟು ಮುಚ್ಚಿತು. ಪಂಪು ಗಿಂಪು ಏನೂ ಇಲ್ಲ. ವಾಲ್ವ್ ತೆರೆದರೆ ನೀರು ತಾನಾಗಿ ಕೆಳಗಿನ ನದಿಗೆ ಹರಿಯುತ್ತದೆ. ಅಷ್ಟು ದೊಡ್ಡ ಭಾರ ಸದ್ದಿಲ್ಲದೆ ಇಳಿಯತೊಡಗಿತು. ಗೋಡೆಯ ಒದ್ದೆ ಭಾಗ ಉದ್ದವಾಗುತ್ತಾ ಹೋಯಿತು. ಆ ಹುಡುಗನ ಹೆಲ್ಮೆಟ್ಟು ನಮ್ಮ ಕಾಲಿನಿಂದ ಎಷ್ಟೋ ಕೆಳಗೆ ಹೋಯಿತು. ಕೆಳಗಿನ ಗೇಟು ತೆರೆದು ಅವರು ಹೊರಟರು.

ಒಂದು ಬಾರ್ಜ್‌ನಲ್ಲಿ ಸುಮಾರು 1,500 ಟನ್ ಮೆಕ್ಕೆಜೋಳ, ಸೋಯಾ ಹಿಡಿಸುತ್ತದೆ. 15ಕ್ಕೆ 22,500 ಟನ್. ಲಾರಿಗೆ 25 ಟನ್ ಹಾಕಿದರೂ 900 ಲಾರಿ ಬೇಕು, ಯಜಮಾನರು ಅಲ್ಲೇ ಲೆಕ್ಕ ಹಾಕಿದರು. ಇದಕ್ಕೂ ಮುಂಚೆ ಆಲ್ಟನ್‌ನಲ್ಲಿದ್ದ ಹಳೆಯ 26ನೇ ನಂಬರಿನ ಲಾಕ್ 1938ರದ್ದು, ದೊಡ್ಡ ಕೋಣೆಯೇ 600 ಅಡಿ. ಇಷ್ಟುದ್ದದ ಸಾಲನ್ನು ಬಿಚ್ಚಿ, ಎರಡು ಸಲ ದಾಟಿಸಿ, ಮತ್ತೆ ಕಟ್ಟಬೇಕಿತ್ತು. 1990ರಲ್ಲಿ ತೆರೆದ ಈಗಿನ ಕೋಣೆ 1,200 ಅಡಿ, ಒಂದೇ ಸಲಕ್ಕೆ ಮುಗಿಯುತ್ತದೆ. ನದಿಯ ಮೇಲ್ಭಾಗದ ಹೆಚ್ಚಿನ ಲಾಕ್‌ಗಳಲ್ಲಿ ಇಂದಿಗೂ ಬಿಚ್ಚಿ ಕಟ್ಟುವ ಕೆಲಸವೇ.

ಇದರಿಂದ ನದಿಗೆ ನಷ್ಟವೂ ಇದೆ. ಮೀನುಗಳ ಓಡಾಟಕ್ಕೆ ಅಡ್ಡಿ, ಹಿನ್ನೀರಿನಲ್ಲಿ ಹೂಳು. ಅದನ್ನು ಮುಚ್ಚಿಟ್ಟು ಹೊಗಳಬಾರದು.

ಪಕ್ಕದಲ್ಲೇ ನ್ಯಾಷನಲ್ ಗ್ರೇಟ್ ರಿವರ್ಸ್ ಮ್ಯೂಸಿಯಂ ಇದೆ, ಟಿಕೆಟ್ ಇಲ್ಲ. ಲಾಕ್ ಮೇಲೆ ಹತ್ತಿಸುವ ಗೈಡ್ ಟೂರ್ ಯಾವಾಗ ಇದೆ ಎಂದು ಮಕ್ಕಳಿಂದ ಮೊದಲೇ ವಿಚಾರಿಸಿ. ಗುರುತಿನ ಚೀಟಿ ಕೈಯಲ್ಲಿರಲಿ. ಚಳಿಗಾಲದಲ್ಲಾದರೆ ಅಣೆಕಟ್ಟಿನ ಕೆಳಗೆ ಮೀನು ಹಿಡಿಯುವ ಬೋಳು ಹದ್ದುಗಳನ್ನೂ ನೋಡಬಹುದು. ಬಾರ್ಜ್ ಬರುವ ತನಕ ಕಾಯಿರಿ, ಅದನ್ನು ನೋಡದೆ ಬರಬೇಡಿ.

ಸಂಪಾದಕರಲ್ಲಿ ಒಂದು ಕೋರಿಕೆ. ಲಾಕ್ ಹೇಗೆ ಕೆಲಸ ಮಾಡುತ್ತದೆ ಎಂದು ಮಕ್ಕಳ ಪುಟದಲ್ಲಿ ಚಿತ್ರ ಹಾಕಿ ವಿವರಿಸಿ. ಪಾಠ ಹೇಳಿದ ಅನುಭವದಿಂದ ಹೇಳುತ್ತೇನೆ, ಐದನೇ ತರಗತಿಯವರಿಗೂ ಅರ್ಥವಾಗುತ್ತದೆ.

ಇಂತಿ,
ನಿವೃತ್ತ ಶಿಕ್ಷಕಿ, ನಿಮ್ಮ ಓದುಗರಲ್ಲೊಬ್ಬಳು