ಅರ್ಧ ಗಂಟೆಗೊಮ್ಮೆ ಕುರ್ಚಿ ಬಿಟ್ಟೇಳಿ

ಮಾನ್ಯರೇ,

ಬೆಳಿಗ್ಗೆ ಒಂದು ಗಂಟೆ ವ್ಯಾಯಾಮ ಮಾಡಿದರೆ ಉಳಿದ ದಿನವೆಲ್ಲ ಕೂತಿದ್ದರೂ ಚಿಂತೆಯಿಲ್ಲ ಎಂಬ ನಂಬಿಕೆ ಅನೇಕರಲ್ಲಿದೆ. ಅದು ಪೂರ್ತಿ ಸರಿಯಲ್ಲ. ಕಾಲಿನ ರಕ್ತವನ್ನು ಹೃದಯದತ್ತ ತಳ್ಳಲು ನೆರವಾಗುವುದು ಮೀನಖಂಡದ ಸ್ನಾಯುಗಳು. ಕೂತಲ್ಲೇ ಕೂತರೆ ಅವು ಸುಮ್ಮನಾಗುತ್ತವೆ. ಸಂಜೆಗೆ ಪಾದ ಊದುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ 2023ರ ಅಧ್ಯಯನದಲ್ಲಿ ಪ್ರತಿ 30 ನಿಮಿಷಕ್ಕೆ 5 ನಿಮಿಷದ ನಿಧಾನ ನಡಿಗೆಯಿಂದ ರಕ್ತದ ಸಕ್ಕರೆಯೂ ರಕ್ತದೊತ್ತಡವೂ ತಗ್ಗಿದವು (ಭಾಗವಹಿಸಿದ್ದು 11 ಮಂದಿ ಮಾತ್ರ, ಅದೂ ಗಮನದಲ್ಲಿರಲಿ).

ನಡೆಯಲು ಜಾಗವಿಲ್ಲದವರು ಮೇಜು ಹಿಡಿದು ನಿಂತು ಹಿಮ್ಮಡಿ ಎತ್ತಿ, 2 ಸೆಕೆಂಡ್ ತಡೆದು, ನಿಧಾನವಾಗಿ ಇಳಿಸಲಿ. 15 ಸಲ ಸಾಕು. ದಢಕ್ಕನೆ ಇಳಿಸಿದರೆ ಸ್ನಾಯುವಿಗೆ ಪೂರ್ತಿ ಕೆಲಸ ಸಿಗುವುದಿಲ್ಲ. ಬಳಿಕ ಕೈ ಊರದೆ ಕುರ್ಚಿಯಿಂದ 10 ಬಾರಿ ಎದ್ದು ಕೂರಬೇಕು. ಚಕ್ರದ ಕುರ್ಚಿಯಾದರೆ ಗೋಡೆಗೆ ಒತ್ತಿಡಿ, ಇಲ್ಲವಾದರೆ ಹಿಂದಕ್ಕೆ ಜಾರಿ ಬೀಳಿಸೀತು. ಎದ್ದೊಡನೆ ತಲೆ ಸುತ್ತುವವರು ಮೊದಲು ಕೂತೇ ಪಾದಗಳನ್ನು 20 ಬಾರಿ ಮೇಲೆ ಕೆಳಗೆ ಆಡಿಸಲಿ.

ಮೊಬೈಲ್ ಅಲಾರಾಂ ನಾಲ್ಕು ದಿನದಲ್ಲಿ ಕಿರಿಕಿರಿಯೆನಿಸಿ ಬಂದ್ ಆಗುತ್ತದೆ. ಫೋನ್ ಬಂದಾಗ ಎದ್ದು ಮಾತಾಡುವುದು, ದೊಡ್ಡ ಬಾಟಲಿಯ ಬದಲು ಸಣ್ಣ ಲೋಟದಲ್ಲಿ ನೀರು ತಂದುಕೊಳ್ಳುವುದು ಹೆಚ್ಚು ಕಾಲ ನಿಲ್ಲುವ ಉಪಾಯಗಳು. ಎದ್ದು ಓಡಾಡುವವರನ್ನು ಕೆಲಸಗಳ್ಳರಂತೆ ನೋಡುವುದನ್ನು ಮೇಲಧಿಕಾರಿಗಳೂ ಬಿಡಬೇಕು.