ಜಾರುವ ಪೆಡಲ್ ಕುರಿತು ಗೆಳೆಯನಿಗೊಂದು ಪತ್ರ

ಶಿವಮೊಗ್ಗ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಹೊಸ ವಿದ್ಯುತ್ ಹೊಲಿಗೆ ಯಂತ್ರದ ಪೆಡಲ್ ಪ್ರತಿ ಸಾಲು ಹೊಲಿಗೆಗೂ ಅಷ್ಟಿಷ್ಟು ಮುಂದಕ್ಕೆ ಜಾರುತ್ತ ಕೊನೆಗೆ ಗೋಡೆಯ ಬುಡ ಸೇರುತ್ತದೆಂದೂ, ಮತ್ತೆ ಮತ್ತೆ ಮೇಜಿನಡಿ ಬಗ್ಗಿ ಅದನ್ನು ಎಳೆದುಕೊಳ್ಳುವುದರಲ್ಲೇ ಬಟ್ಟೆಯ ಚೀಲ ಹೊಲಿಯುವ ಉತ್ಸಾಹ ಇಳಿದುಹೋಗುತ್ತಿದೆಯೆಂದೂ ಬರೆದಿದ್ದೀಯ. ಅಂಗಡಿಯವರು ತೋರಿಸಿದ ರಬ್ಬರ್ ಹಾಸನ್ನು ಕೊಳ್ಳಲೇ ಎಂದು ಕೇಳಿದ್ದೀಯ. ಕೊಳ್ಳಬಹುದು, ಅದರಿಂದ ನಷ್ಟವೇನಿಲ್ಲ. ಆದರೆ ಅದಕ್ಕೂ ಮೊದಲು ನಿನ್ನ ಕುರ್ಚಿಯನ್ನೂ ನೀನು ಕಾಲಿಡುವ ರೀತಿಯನ್ನೂ ಒಮ್ಮೆ ಗಮನಿಸು ಎಂಬುದು ನನ್ನ ಸಲಹೆ. ಪೆಡಲ್ ಜಾರುವುದಕ್ಕೆ ನೆಲದಷ್ಟೇ ಕಾಲೂ ಕಾರಣ.

ನಿಮ್ಮ ಮನೆಯಲ್ಲಿ ಹಿಂದೆ ಇದ್ದದ್ದು ತುಳಿಯುವ ಯಂತ್ರ, ನೀನು ಹೊಲಿಗೆ ಕಲಿತದ್ದೂ ಅದರಲ್ಲೇ. ಆ ಯಂತ್ರದ ತುಳಿಪಟ್ಟಿಯು ಎರಕದ ಕಬ್ಬಿಣದ ಸ್ಟ್ಯಾಂಡಿನ ಎರಡು ಕಾಲುಗಳ ನಡುವೆ ಭದ್ರವಾಗಿ ಕೂತಿರುತ್ತದೆ. ಅದು ಮುಂದಕ್ಕೂ ಹಿಂದಕ್ಕೂ ಓಲಾಡಬಲ್ಲುದೇ ಹೊರತು ತನ್ನ ಜಾಗ ಬಿಟ್ಟು ಕದಲಲಾರದು. 1851ರಲ್ಲಿ ಐಸಾಕ್ ಸಿಂಗರ್ ಅಮೆರಿಕದಲ್ಲಿ ಪೇಟೆಂಟ್ ಪಡೆದ ಕಾಲದಿಂದ ಹಿಡಿದು, 1930ರ ದಶಕದಲ್ಲಿ ಕೋಲ್ಕತ್ತದ ಜೇ ಎಂಜಿನಿಯರಿಂಗ್ ವರ್ಕ್ಸ್ ನಮ್ಮ ದೇಶದಲ್ಲೇ ಉಷಾ ಯಂತ್ರಗಳನ್ನು ತಯಾರಿಸತೊಡಗಿದ ಅನಂತರವೂ ಬಹುಕಾಲ, ತುಳಿಯುವ ಯಂತ್ರದ ಮುಂದೆ ಕೂತವರ ಕಾಲುಗಳು ಕಬ್ಬಿಣವನ್ನು ನಂಬಿಯೇ ಕಲಿತವು. ಪೀಣ್ಯ, ಬೊಮ್ಮನಹಳ್ಳಿಗಳ ಗಾರ್ಮೆಂಟ್ಸ್ ಕಾರ್ಖಾನೆಗಳ ಯಂತ್ರಗಳಲ್ಲಿಯೂ ಪೆಡಲ್ ಇರುವುದು ಸ್ಟ್ಯಾಂಡಿಗೇ ಜೋಡಿಸಿದಂತೆ. ಅಲ್ಲಿ ದಿನವಿಡೀ ಹೊಲಿಯುವವರಿಗೆ ಈ ತೊಂದರೆಯೇ ತಿಳಿಯದು. ಯಂತ್ರದೊಡನೆ ಬರಿಯ ಒಂದು ವಯರಿನ ಸಂಬಂಧವನ್ನು ಇಟ್ಟುಕೊಂಡು ನೆಲದ ಮೇಲೆ ಒಂಟಿಯಾಗಿ ಕೂರುವ ಪೆಡಲ್, ಮನೆಬಳಕೆಯ ವಿದ್ಯುತ್ ಯಂತ್ರಕ್ಕೆ ಮಾತ್ರ ಬಂದ ಪೀಡೆ. ನೀನು ತುಳಿಪಟ್ಟಿಯ ಮೇಲೆ ಕಾಲಿಡುತ್ತಿದ್ದ ರೀತಿಯಲ್ಲೇ ಇದರ ಮೇಲೂ ಇಡೀ ಪಾದವನ್ನಿಟ್ಟು ತೊಡೆಯ ಬಲದಿಂದ ತಳ್ಳುತ್ತಿರುವೆ ಎಂದು ನನ್ನ ಊಹೆ.

ಈಗ ಪೆಡಲಿನ ಆಕಾರವನ್ನು ನೋಡು. ಅದರ ಮೇಲ್ಮೈ ನಿನ್ನ ಕಡೆಗೆ ಇಳಿಜಾರಾಗಿದ್ದು, ಬೆರಳುಗಳ ಕಡೆ ಎತ್ತರವಾಗಿಯೂ ಹಿಮ್ಮಡಿಯ ಕಡೆ ತಗ್ಗಾಗಿಯೂ ಇರುತ್ತದೆ. ಇಳಿಜಾರಾದ ವಸ್ತುವನ್ನು ಅದರ ಮೈಗೆ ನೇರವಾಗಿ ಒತ್ತಿದಾಗ ಆ ಒತ್ತಡದ ಒಂದು ಪಾಲು ಕೆಳಕ್ಕೆ ಹೋದರೆ ಇನ್ನೊಂದು ಪಾಲು ಅದನ್ನು ಗೋಡೆಯ ಕಡೆಗೆ ತಳ್ಳುತ್ತದೆ. ಇಳಿಜಾರು 15 ಡಿಗ್ರಿಯಷ್ಟಿದ್ದರೆ, ಕೆಳಕ್ಕೆ ಬೀಳುವ ಬಲವನ್ನು ನೂರು ಎಂದುಕೊಂಡಾಗ ಮುಂದಕ್ಕೆ ತಳ್ಳುವ ಬಲ ಸುಮಾರು 27. 20 ಡಿಗ್ರಿಯಾದರೆ ಸುಮಾರು 36. ಚೊಕ್ಕವಾದ ರಬ್ಬರ್ ಒಣನೆಲದ ಮೇಲೆ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚಿನ ತಳ್ಳುವಿಕೆಯನ್ನೇ ತಡೆದು ನಿಲ್ಲಬಲ್ಲದು, ಆದ್ದರಿಂದ ಲೆಕ್ಕದ ಪ್ರಕಾರ ಪೆಡಲ್ ಜಾರಬಾರದು. ಇಲ್ಲಿ ಒಂದು ಸ್ವಾರಸ್ಯವಿದೆ: ನೀನು ಎಷ್ಟು ಗಟ್ಟಿಯಾಗಿ ಒತ್ತಿದರೂ ಹಿಡಿತ ಮತ್ತು ತಳ್ಳುವಿಕೆ ಎರಡೂ ಒಂದೇ ಪ್ರಮಾಣದಲ್ಲಿ ಹೆಚ್ಚುವುದರಿಂದ, ಗಟ್ಟಿಯಾಗಿ ಒತ್ತಿದ್ದಕ್ಕೇ ಅದು ಜಾರುವುದೂ ಇಲ್ಲ, ಜಾರುತ್ತಿರುವುದು ಗಟ್ಟಿಯಾಗಿ ಒತ್ತಿದರೆ ನಿಲ್ಲುವುದೂ ಇಲ್ಲ. ನೋಡಬೇಕಾದ ಸಂಗತಿಗಳು ಎರಡೇ: ಯಾವ ದಿಕ್ಕಿಗೆ ಒತ್ತುತ್ತಿದ್ದೇವೆ ಎಂಬುದು, ರಬ್ಬರು ಎಷ್ಟು ಚೊಕ್ಕವಾಗಿದೆ ಎಂಬುದು.

ದಿಕ್ಕನ್ನು ತೀರ್ಮಾನಿಸುವುದು ಕುರ್ಚಿ. ಕುರ್ಚಿ ಮೇಜಿನಿಂದ ದೂರವಿದ್ದು ಕಾಲು ಚಾಚಿಕೊಂಡಿದ್ದರೆ, ನೀನು ಒತ್ತುತ್ತಿದ್ದೇನೆ ಎಂದುಕೊಂಡಾಗಲೆಲ್ಲ ವಾಸ್ತವವಾಗಿ ಒದೆಯುತ್ತಿರುತ್ತೀಯ. ಪೆಡಲ್ ಒಮ್ಮೆ ಸ್ವಲ್ಪ ಜಾರಿತೆಂದರೆ ಅದನ್ನು ಹಿಂಬಾಲಿಸಿ ಕಾಲು ಇನ್ನಷ್ಟು ಚಾಚಿಕೊಳ್ಳುತ್ತದೆ, ಕಾಲು ಚಾಚಿದಷ್ಟೂ ಒತ್ತಡ ಇನ್ನಷ್ಟು ಅಡ್ಡಡ್ಡವಾಗುತ್ತದೆ, ಹೀಗೆ ಜಾರಿಕೆಯೇ ಜಾರಿಕೆಯನ್ನು ಬೆಳೆಸುತ್ತದೆ. ಮೊದಲ ಎರಡು ಸಾಲು ಸರಿಯಾಗಿದ್ದು ಆಮೇಲೆ ಒಮ್ಮೆಲೇ ಓಡುತ್ತದೆ ಎಂದು ನೀನು ಬರೆದಿರುವುದಕ್ಕೆ ಇದೇ ಕಾರಣವಿರಬೇಕು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಮೊಣಕಾಲಿನಿಂದ ಕೆಳಗಿನ ಭಾಗ ಹೆಚ್ಚುಕಡಿಮೆ ನೆಟ್ಟಗಿರುವಂತೆ, ಹಿಮ್ಮಡಿಯು ಮೊಣಕಾಲಿನ ಕೆಳಗೇ ಅಥವಾ ಅದಕ್ಕಿಂತ ತುಸು ಮುಂದೆ ಬರುವಂತೆ ಪೆಡಲನ್ನು ಇಟ್ಟುಕೋ. ಹಿಮ್ಮಡಿಯನ್ನು ನೆಲಕ್ಕೋ ಪೆಡಲಿನ ತಗ್ಗಾದ ಅಂಚಿಗೋ ಊರಿ, ಮುಂಗಾಲಿನಿಂದ ಮಾತ್ರ ಒತ್ತು. ಕಾಲಿನ ಭಾರವನ್ನು ಹಿಮ್ಮಡಿ ಹೊತ್ತುಕೊಂಡಾಗ ಮುಂಗಾಲಿಗೆ ಉಳಿಯುವ ಕೆಲಸ ಚಿಕ್ಕದು, ಯಂತ್ರದ ವೇಗವೂ ಆಗಲೇ ಹತೋಟಿಗೆ ಬರುವುದು. ಚೀಲದ ಹಿಡಿಕೆಯನ್ನು ಕೂಡಿಸುವಾಗ ನಾಲ್ಕೈದು ಪದರಗಳ ಮೇಲೆ ಸೂಜಿ ನಿಧಾನವಾಗಿ ಇಳಿಯಬೇಕಲ್ಲವೇ? ಆ ಹೊತ್ತಿನಲ್ಲಿ ಪೆಡಲ್ ಜಾರಿ ಯಂತ್ರ ನಿಂತು, ಗಾಬರಿಯಿಂದ ಒತ್ತಿದಾಗ ಅದು ಒಮ್ಮೆಲೇ ಧಾವಿಸಿದರೆ, ಸೂಜಿ ಮುರಿಯುವ ಸಂಭವವೇ ಹೆಚ್ಚು.

ನಿನ್ನದು ಚಕ್ರದ ಕುರ್ಚಿಯಾಗಿದ್ದರೆ ಮತ್ತೊಂದು ಪರೀಕ್ಷೆ ಅಗತ್ಯ. ಕುರ್ಚಿಯ ಚಕ್ರದ ಪಕ್ಕದಲ್ಲಿ ಒಂದು, ಪೆಡಲಿನ ಮುಂಭಾಗದಲ್ಲಿ ಒಂದು, ಹೀಗೆ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಸ್ವಲ್ಪ ಹೊತ್ತು ಹೊಲಿದು, ಯಾವುದು ಗೆರೆ ದಾಟಿದೆ ಎಂದು ನೋಡು. ನೀನು ಪೆಡಲನ್ನು ಮುಂದಕ್ಕೆ ತಳ್ಳುವಷ್ಟೇ ಬಲದಿಂದ ಅದೂ ನಿನ್ನನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಪಾಪದ ಪೆಡಲ್ ಇದ್ದಲ್ಲೇ ಇದ್ದು, ಕುರ್ಚಿಯೇ ಹಿಂದೆ ಉರುಳಿ, ಬೈಗುಳ ಮಾತ್ರ ಪೆಡಲಿಗೆ ಸಿಗುವುದುಂಟು. ಹಾಗಿದ್ದರೆ ಯಾವ ಹಾಸೂ ಉಪಯೋಗಕ್ಕೆ ಬಾರದು. ನಾಲ್ಕು ಗಟ್ಟಿ ಕಾಲುಗಳ, ರಬ್ಬರ್ ಬುಷ್ ಹಾಕಿದ ಮರದ ಕುರ್ಚಿಯೇ ಹೊಲಿಗೆಗೆ ಮೇಲು.

ಇನ್ನು ಚೊಕ್ಕತನದ ವಿಚಾರ. ಪೆಡಲನ್ನು ಮಗುಚಿ ಅದರ ಅಡಿಯ ರಬ್ಬರ್ ಬುಷ್‌ಗಳನ್ನು ಬೆರಳಿನಿಂದ ಮುಟ್ಟಿ ನೋಡು. ಬೆರಳಿಗೆ ಬಿಳಿಯ ಹಿಟ್ಟು ಅಂಟಿದರೆ ಅರ್ಧ ರೋಗ ಸಿಕ್ಕಂತೆಯೇ. ಹೊಲಿಯುವ ಜಾಗದ ನೆಲದಲ್ಲಿ ಬಟ್ಟೆಯ ನವಿರು ದೂಳು, ಕತ್ತರಿಸಿದ ನೂಲಿನ ಎಳೆಗಳು, ಗುರುತು ಹಾಕುವ ಸೀಮೆಸುಣ್ಣದ ಪುಡಿ, ಒಮ್ಮೊಮ್ಮೆ ಯಂತ್ರಕ್ಕೆ ಬಿಟ್ಟ ಎಣ್ಣೆಯ ಹನಿ, ಇವೆಲ್ಲವೂ ಸೇರಿರುತ್ತವೆ, ಮತ್ತು ರಬ್ಬರು ಇವುಗಳನ್ನು ಬಿಡದೆ ಎತ್ತಿಕೊಳ್ಳುತ್ತದೆ. ಆಮೇಲೆ ನೆಲವನ್ನು ಮುಟ್ಟುವುದು ರಬ್ಬರಲ್ಲ, ಪುಡಿ. ಪ್ಲಗ್ಗನ್ನು ಕಿತ್ತಿಟ್ಟು, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಬುಷ್‌ಗಳನ್ನು ಒರೆಸಿ ಪೂರ್ತಿ ಒಣಗಲು ಬಿಡು. ಎಣ್ಣೆಯ ಜಿಡ್ಡಿದ್ದರೆ ಬಟ್ಟೆಗೆ ಒಂದೆರಡು ಹನಿ ಸ್ಪಿರಿಟ್ ಹಾಕಿ ಒರೆಸಬಹುದು. ಹಳೆಯ ಪೆಡಲಾಗಿದ್ದು ರಬ್ಬರು ಗಟ್ಟಿಯಾಗಿ ಹೊಳಪೇರಿದ್ದರೆ, ನಯವಾದ ಉಪ್ಪುಕಾಗದದಿಂದ ಮೇಲಿನ ಪೊರೆಯನ್ನು ಹಗುರವಾಗಿ ಉಜ್ಜಿದಾಗ ಕೆಳಗಿನ ಮೃದುವಾದ ಭಾಗ ಮೇಲೆ ಬರುತ್ತದೆ. ನಿನ್ನದು ಹೊಸದಾದ್ದರಿಂದ ಅದರ ಅಗತ್ಯವಿರಲಾರದು.

ನಿನ್ನ ಉಡುಪಿಯ ಮನೆಯ ನೆಲದ ಬಗ್ಗೆಯೂ ನನಗೆ ಸಂಶಯವಿದೆ. ಕೆಂಪು ರೆಡ್ ಆಕ್ಸೈಡ್ ನೆಲವನ್ನು ಹೊಳಪಿಗಾಗಿ ಎಣ್ಣೆ ಹಚ್ಚಿ ಒರೆಸುವ ರೂಢಿ ನಿಮ್ಮಲ್ಲಿ ಇನ್ನೂ ಇದ್ದರೆ, ಮೇಜಿನಡಿಯ ಆ ಎರಡಡಿ ಜಾಗಕ್ಕಾದರೂ ವಿನಾಯಿತಿ ಕೊಡಿಸು. ಸೋಪಿನ ನೀರಿನಲ್ಲಿ ಒರೆಸಿದ ಮೇಲೆ ಬರಿಯ ನೀರಿನಲ್ಲಿ ಇನ್ನೊಮ್ಮೆ ಒರೆಸದಿದ್ದರೂ ತೆಳುವಾದ ಪದರವೊಂದು ಉಳಿದುಬಿಡುತ್ತದೆ. ಆಷಾಢದ ಮಳೆಯಲ್ಲಿ ಕರಾವಳಿಯ ನೆಲ ಬೆವರುವುದು ನಿನಗೆ ನಾನು ಹೇಳಬೇಕಾದ್ದಲ್ಲ. ಅಂಥ ದಿನಗಳಲ್ಲಿ ಜಾರುವುದಕ್ಕಿಂತ ದೊಡ್ಡ ಚಿಂತೆಯೆಂದರೆ, 230 ವೋಲ್ಟ್ ಹರಿಯುವ ಸಾಧನವನ್ನು ಒದ್ದೆ ನೆಲದ ಮೇಲಿಟ್ಟು ಬರಿಗಾಲಿನಲ್ಲಿ ಒತ್ತುವುದು. ನೆಲ ಒಣಗುವವರೆಗೆ ಹೊಲಿಗೆಯನ್ನು ಮುಂದೂಡುವುದೇ ವಿವೇಕ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಅದು ಕದಲಿದರೆ ಆಗ ಹಾಸಿನ ಮಾತು. ಕಾಸು ಖರ್ಚು ಮಾಡುವ ಮುನ್ನ ಸೈಕಲ್ ಅಂಗಡಿಯಲ್ಲಿ ಎಸೆಯಲು ಇಟ್ಟಿರುವ ಹಳೆಯ ಟ್ಯೂಬನ್ನು ಕೇಳಿ ತಂದು, ಉದ್ದಕ್ಕೆ ಸೀಳಿ, ಪಟ್ಟಿಗಳನ್ನಾಗಿ ಮಾಡಿ ಪೆಡಲಿನ ಅಡಿಗೆ ಹಾಸಿ ನೋಡು; ಸ್ಕೂಟರಿನ ಟ್ಯೂಬು ಇನ್ನೂ ಅಗಲವಾಗಿ ಬರುತ್ತದೆ. ಟ್ಯೂಬಿನ ಒಳಮೈ ಒಂದಕ್ಕೊಂದು ಅಂಟದಿರಲೆಂದು ಪೌಡರ್ ಹಾಕಿರುವುದರಿಂದ ಸೋಪಿನಲ್ಲಿ ಚೆನ್ನಾಗಿ ತೊಳೆದು ಒಣಗಿಸುವುದನ್ನು ಮಾತ್ರ ಮರೆಯಬೇಡ, ಇಲ್ಲದಿದ್ದರೆ ಜಾರಿಕೆಯನ್ನು ನಾವೇ ಮನೆಗೆ ತಂದಂತಾಗುತ್ತದೆ. ಹಳೆಯ ಯೋಗದ ಚಾಪೆಯ ತುಂಡೂ, ಅಡುಗೆಮನೆಯ ಡ್ರಾಯರುಗಳಿಗೆ ಹಾಸುವ ಜಾಲರಿಯಂಥ ಮೆತ್ತನೆಯ ಹಾಸೂ ಸಾಕಷ್ಟು ಹಿಡಿತ ಕೊಡುತ್ತವೆ. ತುಂಡು ಪೆಡಲಿಗಿಂತ ಬಹಳ ದೊಡ್ಡದಿರಲಿ, ನಿನ್ನ ಹಿಮ್ಮಡಿಯೂ ಅದರ ಮೇಲೇ ಬರಲಿ; ಆಗ ನಿನ್ನ ಕಾಲಿನ ಭಾರವೇ ಹಾಸನ್ನು ನೆಲಕ್ಕೆ ಅದುಮಿ ಹಿಡಿಯುತ್ತದೆ. ಸ್ನಾನದ ಮನೆಗೆ ಹಾಕುವ, ಅಡಿಯಲ್ಲಿ ಬಟ್ಟಲುಗಳಂಥ ಗುಳಿಗಳಿರುವ ಹಾಸು ನಯವಾದ ಟೈಲ್ಸಿಗೆ ಅಂಟುವುದೇ ಹೊರತು, ಸಣ್ಣ ಬಿರುಕುಗಳಿರುವ ನಿಮ್ಮ ಹಳೆಯ ನೆಲಕ್ಕೆ ಅಂಟಲಾರದು. ಕಪ್ಪು ರಬ್ಬರನ್ನು ತಿಂಗಳುಗಟ್ಟಲೆ ಒಂದೇ ಕಡೆ ಬಿಟ್ಟರೆ ನೆಲದಲ್ಲಿ ಕಲೆ ಉಳಿಯಬಹುದು, ಆದ್ದರಿಂದ ಕೆಲಸ ಮುಗಿದಾಗ ಎತ್ತಿಡು. ಎರಡೂ ಕಡೆ ಅಂಟಿರುವ ಟೇಪಿನ ಮೋಹಕ್ಕೆ ಬೀಳಬೇಡ. ಅದು ಸ್ವಲ್ಪ ದಿನ ಹಿಡಿದು, ಆಮೇಲೆ ದೂಳು ಕುಡಿದು ಕಪ್ಪಾಗಿ, ತೆಗೆಯಲು ಕೂತವರ ತಾಳ್ಮೆಯನ್ನು ಪರೀಕ್ಷಿಸುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ ಹಲಗೆಯದು. ಸುಮಾರು 12 ಮಿಲಿಮೀಟರ್ ದಪ್ಪದ ಪ್ಲೈವುಡ್ ತುಂಡೊಂದನ್ನು, ಪೆಡಲೂ ನಿನ್ನ ಎರಡೂ ಪಾದಗಳೂ ಕೂರುವಷ್ಟು ದೊಡ್ಡದಾಗಿ ಬಡಗಿಯಿಂದ ಕೊಯ್ಯಿಸಿ, ಗೋಡೆಯ ಕಡೆಯ ಅಂಚಿನ ಸಮೀಪ ಅಡ್ಡವಾಗಿ ಒಂದು ಮರದ ಪಟ್ಟಿಯನ್ನು ಸ್ಕ್ರೂ ಹಾಕಿ ಕೂಡಿಸು. ಪೆಡಲ್ ಆ ಪಟ್ಟಿಗೆ ಒರಗಿ ನಿಲ್ಲುತ್ತದೆ. ವಯರು ಆ ಕಡೆಯಿಂದಲೇ ಹೊರಡುವಂತಿದ್ದರೆ ಪಟ್ಟಿಯ ನಡುವೆ ಅದಕ್ಕೊಂದು ಕಚ್ಚನ್ನು ಕೊರೆಸಿಬಿಡು, ವಯರು ಒತ್ತಿಕೊಳ್ಳಬಾರದು. ಹಲಗೆಯೇ ಜಾರದಂತೆ ಅದರ ಹಿಂಭಾಗದ ಎರಡು ಮೂಲೆಗಳಲ್ಲಿ ತೂತು ಮಾಡಿ, ಗಟ್ಟಿಯಾದ ಹುರಿಯಿಂದ ಕುರ್ಚಿಯ ಮುಂಗಾಲುಗಳಿಗೆ ಕಟ್ಟು. ಈ ಏರ್ಪಾಟಿನಲ್ಲಿ ನೀನು ಪೆಡಲನ್ನು ತಳ್ಳುವ ಬಲವನ್ನು ನೀನೇ ಕೂತಿರುವ ಕುರ್ಚಿ ಎಳೆದು ಹಿಡಿಯುತ್ತದೆ. ನೆಲ ನುಣುಪಾಗಿದ್ದರೂ ಒರಟಾಗಿದ್ದರೂ ಹೆಚ್ಚಿನ ವ್ಯತ್ಯಾಸವಿಲ್ಲ. ಪೆಡಲನ್ನು ಕದಲದಂತೆ ಹಿಡಿಯುವ ಈ ಕೆಲಸವನ್ನೇ ಹಳೆಯ ಕಬ್ಬಿಣದ ಸ್ಟ್ಯಾಂಡು ತನ್ನ ಭಾರದಿಂದ ಮಾಡುತ್ತಿತ್ತು. ಏಳುವಾಗ ಕಾಲಿಗೆ ಹುರಿ ತೊಡರದಂತೆ ಅದನ್ನು ನೆಲಕ್ಕೆ ಸಮವಾಗಿ, ಚಿಕ್ಕದಾಗಿ ಕಟ್ಟಬೇಕು. ಇನ್ನೂ ಸುಲಭವಾದದ್ದು ಬೇಕೆಂದರೆ, ನಿನ್ನ ಮೇಜು ಹೇಗೂ ಗೋಡೆಗೆ ತಾಗಿರುವುದರಿಂದ, ಪೆಡಲಿಗೂ ಗೋಡೆಗೂ ನಡುವಣ ಅಂತರವನ್ನು ಅಳೆದು ಅಷ್ಟೇ ಉದ್ದದ ಮರದ ತುಂಡನ್ನು ಅಲ್ಲಿ ಇಟ್ಟುಬಿಡು. ನೋಡಲು ಚಂದವಿರದು, ಆದರೆ ಗೋಡೆಯಂತೂ ಜಾರುವುದಿಲ್ಲ.

ಯಾರಾದರೂ ಪೆಡಲಿನ ತಳಕ್ಕೇ ಮೊಳೆ ಅಥವಾ ಸ್ಕ್ರೂ ಹೊಡೆದು ಹಲಗೆಗೆ ಕೂಡಿಸು ಎಂದರೆ ಕೇಳಬೇಡ. ಒಳಗಿರುವುದು ವಿದ್ಯುತ್ ಭಾಗಗಳು. ವೇಗವನ್ನು ಕಡಿಮೆ ಮಾಡುವ ಕೆಲಸ ಅಲ್ಲಿಯೇ ನಡೆಯುವುದರಿಂದ ಕೆಲವು ಪೆಡಲುಗಳು, ಅದರಲ್ಲೂ ಹಳೆಯ ಮಾದರಿಯವು, ಹೆಚ್ಚು ಹೊತ್ತು ನಿಧಾನವಾಗಿ ಹೊಲಿದಾಗ ಬಿಸಿಯಾಗುತ್ತವೆ, ಆ ಬಿಸಿ ಹೊರಹೋಗಲೆಂದೇ ಮೈಯಲ್ಲಿ ಸೀಳುಗಳಿರುತ್ತವೆ. ಹಾಸಾಗಲಿ ಟೇಪಾಗಲಿ ಆ ಸೀಳುಗಳನ್ನು ಮುಚ್ಚಬಾರದು, ದಪ್ಪನೆಯ ಕಾಲೊರಸಿನಲ್ಲಿ ಪೆಡಲನ್ನು ಹೂತಂತೆ ಇಡುವುದೂ ಅದೇ ಕಾರಣಕ್ಕೆ ಬೇಡ. ವಯರಿನ ಮೇಲೂ ಒಂದು ಕಣ್ಣಿರಲಿ: ಪೆಟ್ಟಿಗೆಯಲ್ಲಿ ಸುತ್ತಿಟ್ಟ ಹೊಸ ವಯರು ಸುರುಳಿ ಬಿಡದೆ ಹಗುರವಾದ ಪೆಡಲನ್ನು ತನ್ನ ಕಡೆಗೆ ತಿರುಚುತ್ತಿರುತ್ತದೆ. ಅದನ್ನು ಬಿಡಿಸಿ, ಸ್ವಲ್ಪ ಸಡಿಲ ಉಳಿಸಿ, ಮೇಜಿನ ಕಾಲಿಗೆ ಒಂದು ಕಡೆ ಮೆತ್ತಗೆ ಕಟ್ಟಿದರೆ ಆ ತಿರುಚಾಟ ನಿಲ್ಲುತ್ತದೆ.

ನ್ಯೂಜೆರ್ಸಿಯಲ್ಲಿರುವ ನಿನ್ನ ತಂಗಿಗೂ ಇದೇ ಗೋಳು ಎಂದು ಬರೆದಿದ್ದೀಯಲ್ಲ. ಅವಳ ಮನೆಯಲ್ಲಿ ನೆಲಕ್ಕೆ ಕಾರ್ಪೆಟ್ ಇದ್ದರೆ ಮೇಲಿನ ಹಾಸುಗಳು ಹೆಚ್ಚು ಉಪಯೋಗವಾಗಲಾರವು. ವೆಲ್ಕ್ರೋದ ಒರಟಾದ, ಕೊಕ್ಕೆಗಳಿರುವ ಪಟ್ಟಿಯನ್ನು ಮಾತ್ರ ಪೆಡಲಿನ ಅಡಿಗೆ, ಸೀಳುಗಳನ್ನು ಬಿಟ್ಟು, ಅಂಟಿಸಲು ಹೇಳು. ಕಾರ್ಪೆಟ್ಟಿನ ಕುಣಿಕೆಗಳನ್ನು ಅದು ತಾನೇ ಹಿಡಿದುಕೊಳ್ಳುತ್ತದೆ. ಅವಳ ಮಕ್ಕಳು ಚಿಕ್ಕವರಿರುವುದರಿಂದ, ಎದ್ದು ಹೋಗುವಾಗಲೆಲ್ಲ ಪ್ಲಗ್ಗು ಕಿತ್ತು ಪೆಡಲನ್ನು ಮೇಜಿನ ಮೇಲೆ ಎತ್ತಿಡುವಂತೆಯೂ ತಿಳಿಸು. ನೆಲದ ಮೇಲೆ ಬಿಟ್ಟ ಪೆಡಲನ್ನು ತುಳಿಯದೆ ಹೋಗುವ ಮಗುವನ್ನು ನಾನಂತೂ ಕಂಡಿಲ್ಲ.

ಹಲಗೆ ಮಾಡಿಸುವುದಾದರೆ ಪೆಡಲಿನ ಉದ್ದ ಅಗಲ, ವಯರು ಯಾವ ಬದಿಯಿಂದ ಹೊರಡುತ್ತದೆ ಎಂಬುದು, ಕುರ್ಚಿಯ ಮುಂಗಾಲುಗಳ ನಡುವಣ ಅಂತರ, ಇಷ್ಟನ್ನು ಬರೆದು ಕಳಿಸು. ಚಿತ್ರ ಬರೆದು ಅಳತೆ ಹಾಕಿ ಕೊಡುತ್ತೇನೆ, ಬಡಗಿಗೆ ತೋರಿಸಿದರೆ ಸಾಕು.

ಇಂತಿ ನಿನ್ನ,
ಗೆಳೆಯ